ನಾಕಾ ಚುಕ್ಕಿ ಮತ್ತು ಬೊನೊಲೊಳ ಕರು

ಏಪ್ರಿಲ್ 3, ಸೆರೋವೆ

ಇವತ್ತು ಸಂಜೆ ಕತ್ತಲಾದ ಮೇಲೆ ಮಕ್ಕಳೆದುರು ನನ್ನ ಮಾನ ಹೋಯಿತು. ಶಾಲೆಯ ಹೊಸ ಕಂಪ್ಯೂಟರ್ ದೂರದರ್ಶಕಕ್ಕೆ ದಕ್ಷಿಣದಲ್ಲಿ ಹೊಳೆಯುವ ನಾಕಾ ಚುಕ್ಕಿ ತೋರಿಸು ಎಂದರೆ, ಗುರ್ ಎಂದು ತಿರುಗಿ ಏನೂ ಇಲ್ಲದ ಕಡೆ ನಿಂತಿತು. ಮೂರು ಸಲ ಹೊಂದಿಸಿದರೂ ಅದೇ ಹಾಡು. ವಿಜ್ಞಾನದ ಮೇಷ್ಟ್ರು ನಾನು!

ಆಗ ಸೆಟ್ಸ್ವಾನಾ ಭಾಷೆ ಕಲಿಸುವ ಬೊನೊಲೊ ಬಂದಳು. "ಸ್ವಲ್ಪ ಸರೀರಿ ಸಾರ್, ನಮ್ಮಜ್ಜಿ ತೋರಿಸಿದ ಚುಕ್ಕಿ ಅದು," ಎಂದು ಕೊಳವೆಯನ್ನು ಕೈಯಿಂದಲೇ ತಿರುಗಿಸಿ ಚುಕ್ಕಿಯನ್ನು ಹಿಡಿದುಬಿಟ್ಟಳು. ಹಿಂದೆಲ್ಲ ಚಳಿಗಾಲದ ನಸುಕಿನಲ್ಲಿ ನಾಕಾವನ್ನು ಮೊದಲು ಕಂಡವರಿಗೆ ಕುಲದ ಯಜಮಾನ ಕರು ಕೊಡುತ್ತಿದ್ದನಲ್ಲ, ಮಕ್ಕಳು ಅದನ್ನೇ ಹಿಡಿದುಕೊಂಡರು. "ಟೀಚರ್‌ಗೆ ಕರು! ಸಾರ್‌ಗೆ ಸಗಣಿ!" ಅವಳೂ ನಕ್ಕಳು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ಇನ್ನಷ್ಟು ಹೊಟ್ಟೆಯುರಿ.

ಯಂತ್ರವನ್ನು ಮನೆಗೆ ತಂದು ನೋಡಿದಾಗ ತಪ್ಪು ಸಿಕ್ಕಿತು. ತಾರೀಖು ಹಾಕುವಾಗ ಅದು ತಿಂಗಳನ್ನು ಮೊದಲು ಕೇಳುತ್ತದೆ. ನಾನು ನಮ್ಮ ರೂಢಿಯಂತೆ ದಿನವನ್ನು ಮೊದಲು ಒತ್ತಿದ್ದೆ. ಪಾಪ, ಅದು ಮಾರ್ಚ್ ನಾಲ್ಕರ ಆಕಾಶ ಹುಡುಕುತ್ತಿತ್ತು. ಸರಿಪಡಿಸಿದ ಕೂಡಲೇ ನೆಟ್ಟಗೆ ನಾಕಾದ ಮೇಲೆ ನಿಂತಿತು. ನೋಡುವುದಕ್ಕೆ ಪಕ್ಕದಲ್ಲಿ ಯಾರೂ ಇಲ್ಲ.

"ನಾಳೆ ನಂಗೂ ಈ ಯಂತ್ರ ಹೇಳ್ಕೊಡಿ ಸಾರ್" ಎಂದಿದ್ದಾಳೆ ಬೊನೊಲೊ. ಎಲ್ಲ ಹೇಳಿಕೊಡುತ್ತೇನೆ, ತಿಂಗಳಿನ ವಿಷಯ ಒಂದನ್ನು ಬಿಟ್ಟು. ಮಕ್ಕಳೆದುರು ಅವಳೂ ಒಮ್ಮೆ ಬೆವರಲಿ.

ಅಯ್ಯೋ, ನಾಳೆ ಏಪ್ರಿಲ್ ನಾಲ್ಕು. ದಿನವೂ ನಾಲ್ಕು, ತಿಂಗಳೂ ನಾಲ್ಕು. ಅವಳು ಹೇಗೆ ಒತ್ತಿದರೂ ಸರಿಯೇ.