ಹದಿನಾಲ್ಕು ಹಾಸಿಗೆ, ಒಂದು ಚಿಪ್

ಅಂಗಡಿಯ ಹಿಂದಿನ ಕೋಣೆಯಿಂದ,
ಒಂಬತ್ತನೇ ತಾರೀಕು, ಸೋಮವಾರ ಬೆಳಿಗ್ಗೆ

ತಮ್ಮನೆನಿಸಿಕೊಂಡವನೇ,

ಮೊದಲು ಖರ್ಚು ಓದಿಕೋ, ಕ್ಷೇಮ ಸಮಾಚಾರ ಆಮೇಲೆ. ಕಾರಿನ ಗೇರ್‌ಬಾಕ್ಸಿಗೆ ಎರಡನೇ ಸಲ ಎಣ್ಣೆ, ಫಿಲ್ಟರ್ ಸಮೇತ: ನಾಲ್ಕು ಹಾಸಿಗೆ ಮಾರಿದ ಲಾಭ. ಷೋರೂಮಿನವರು ಗಾಡಿಯನ್ನು ಮೇಲೆತ್ತಿ, ನೋಡಿ, ತಲೆಯಾಡಿಸಿದ್ದಕ್ಕೆ: ಎರಡು ಹಾಸಿಗೆ. ಎಂಜಿನ್ ಅಡಿಯ ರಬ್ಬರುಗಳು ಸರಿಯಾಗಿಯೇ ಇದ್ದರೂ ಬೇರೊಬ್ಬ ಗ್ಯಾರೇಜಿನವನು ಬದಲಾಯಿಸಿದ್ದಕ್ಕೆ: ಐದು. ಅಮ್ಮನನ್ನು ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಸಾಗಿಸಿದ್ದಕ್ಕೆ: ಎರಡು. ಕೊನೆಗೆ ರೋಗ ಕಂಡುಹಿಡಿದವಳಿಗೆ: ಒಂದೇ ಒಂದು. ಒಟ್ಟು ಹದಿನಾಲ್ಕು. ಮೂರು ತಿಂಗಳಿಂದ ಅಕ್ಕ ನಮ್ಮ ಹೊಸಿಲು ತುಳಿದಿಲ್ಲ. ಅದನ್ನು ಎಷ್ಟು ಹಾಸಿಗೆಯೆಂದು ಬರೆಯಬೇಕೋ ತಿಳಿಯದೆ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.

ಈಗ ಕ್ಷೇಮ. ನೀನು ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ತನ್ನ ಹೊರೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿ ಹೋದವನಿಗೆ ನಿದ್ರೆ ಸೊಗಸಾಗಿ ಬರುತ್ತದೆ. ಇಪ್ಪತ್ತಾರು ವರ್ಷ ಹಾಸಿಗೆ ಮಾರಿದವನಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಅಮ್ಮನ ಸೊಂಟದ ಆಪರೇಷನ್ ಗಾಯ ಮಾಗಿದೆ. ನಡಿಗೆ ಮಾಗಿಲ್ಲ. ನೀನಿದ್ದಾಗ ವಾರಕ್ಕೆ ನಾಲ್ಕು ದಿನ ಅಕ್ಕ ಬಂದು ಕಾಲಿನ ವ್ಯಾಯಾಮ ಮಾಡಿಸುತ್ತಿದ್ದಳಲ್ಲ, ಕೋಲು ಹಿಡಿದು ಬಚ್ಚಲಿನವರೆಗೆ ಹೋಗುವಷ್ಟು ಆಗಿತ್ತು. ಈಗ ಮತ್ತೆ ವಾಕರ್. ನಾನು ಮಾಡಿಸಲು ಹೋದರೆ, 'ನೀನು ಹತ್ತಿ ಹಿಂಜಿದ ಹಾಗೆ ಹಿಂಜ್ತೀಯ, ಬಿಡೋ' ಎಂದು ಕಾಲೆಳೆದುಕೊಳ್ಳುತ್ತಾಳೆ. ನಿನ್ನ ಅತ್ತಿಗೆಯ ಮಾತನ್ನಂತೂ ಕೇಳುವುದೇ ಇಲ್ಲ. ಅಮ್ಮ ಎದುರು ಮಾತಾಡದೆ ಕೇಳುವುದು ಅಕ್ಕನ 'ಒಂದು, ಎರಡು' ಎಣಿಕೆಯನ್ನು ಮಾತ್ರ.

ಅಕ್ಕ ಯಾಕೆ ಬರುತ್ತಿಲ್ಲ ಎಂಬುದರ ಮೂಲ ನೀನು. ನೀನು ಹೊರಡುವ ದಿನ 'ಅಣ್ಣಾ, ಕಾರು ತೊಳೆದು ಕೊಟ್ಟು ಹೋಗ್ತೀನಿ' ಎಂದೆಯಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು. ಹುಟ್ಟಿದಾಗಿನಿಂದ ನೀನು ಒಂದು ಲೋಟ ತೊಳೆದವನಲ್ಲ. ನೀನು ಹೋದ ಮೂರನೇ ದಿನ ಮೊದಲ ಸಲ ಹೊರತೆಗೆದಾಗಿನಿಂದ ಕಾರು ಒದೆಯಲು ಶುರು ಮಾಡಿತು. ಗೇರು ತಾನಾಗಿ ಒಂದರಿಂದ ಎರಡಕ್ಕೆ ಬೀಳುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ. ನಿಲ್ಲಿಸುವಾಗ ಅಡಿಯಲ್ಲಿ ದಡ್ ಎಂದು ಒಂದು ಸದ್ದು. ಊರಿಗೆಲ್ಲ ಮೆತ್ತನೆ ಹಾಸಿಗೆ ಮಾರುವವನ ಕಾರಿನಲ್ಲಿ ಹೆತ್ತ ತಾಯಿ ಸೊಂಟ ಹಿಡಿದುಕೊಂಡು 'ಅಯ್ಯೋ' ಎನ್ನುವುದು! ಅಮ್ಮ ಮಡಿಲಲ್ಲಿ ನೀರಿನ ಲೋಟ ಇಟ್ಟುಕೊಂಡು ಕೂರುತ್ತಾಳಲ್ಲ, ಅರ್ಧ ದಾರಿಗೆ ಲೋಟ ಖಾಲಿ, ಮಡಿಲು ಒದ್ದೆ.

ಅದರ ಹಿಂದಿನ ವಾರವಷ್ಟೇ ಭಾವ ತಮ್ಮ ಗ್ಯಾರೇಜ್ ಷೆಡ್ಡಿನಲ್ಲಿ ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಿದ್ದರು. ನಾನು ಎರಡಕ್ಕೆ ಎರಡು ಕೂಡಿಸಿದೆ. ನೇರ ಷೆಡ್ಡಿಗೆ ಹೋಗಿ, ಗುಜರಿಯವನು, ಹಾಲಿನ ವ್ಯಾನಿನವನು, ಡ್ರಾಯಿಂಗ್ ಮೇಷ್ಟ್ರು ಮೂವರೂ ನಿಂತಿದ್ದಾಗಲೇ, 'ಏನ್ ಭಾವ, ಹೆಂಡ್ತಿ ತವರಿನ ಎಣ್ಣೆಲೂ ಕಮಿಷನ್ನಾ? ಯಾವ ಡಬ್ಬದ ಕೊಳಕು ಸುರಿದ್ರಿ?' ಎಂದೆ. ಭಾವ ಕೈ ಒರೆಸಿಕೊಂಡರು. ಬೆರಳೊಂದೊಂದನ್ನೂ ಒರೆಸಿಕೊಂಡರು. ಕೀಲಿಕೈ ನನ್ನ ಅಂಗೈಗೆ ಹಾಕಿ, 'ಬೇರೆ ಕಡೆ ತೋರ್ಸಪ್ಪ' ಎಂದರು, ಅಷ್ಟೇ. ಸುಮ್ಮನಿದ್ದವನೇ ಕಳ್ಳ ಎಂದು ನಾನು ಅಂದುಕೊಂಡೆ. ಮರುದಿನದಿಂದ ಅಕ್ಕ ಬರಲಿಲ್ಲ.

ಷೋರೂಮಿನವರು ಗೇರ್‌ಬಾಕ್ಸನ್ನೇ ಬದಲಾಯಿಸಬೇಕು ಎಂದರು. ಅವರು ಹೇಳಿದ ಬೆಲೆ ಕೇಳಿ, ಅದಕ್ಕಿಂತ ಅಮ್ಮನನ್ನು ಪಲ್ಲಕ್ಕಿಯಲ್ಲಿ ಹೊರುವುದು ಅಗ್ಗ ಎಂದು ಬಂದೆ. ಕೊನೆಗೆ ಟೈರ್ ಅಂಗಡಿಯ ಮಹಡಿಯಲ್ಲಿ ಸ್ಕ್ಯಾನರ್ ಇಟ್ಟುಕೊಂಡಿರುವ ಕನ್ನಡಕದ ಹುಡುಗಿಯೊಬ್ಬಳ ಹತ್ತಿರ ಹೋದೆ. ಅವಳು ಸ್ಟಿಯರಿಂಗ್ ಕೆಳಗೆ ವೈರು ಚುಚ್ಚಿ, ಬಾನೆಟ್ ಎತ್ತಿ, ಎಂಜಿನ್ ಪಕ್ಕದ ವೈರಿನ ಮೇಲೆ ಬೆರಳಾಡಿಸಿ ಕೇಳಿದಳು: 'ಇಲ್ಲಿ ಟೇಪಿನ ಅಂಟಿದೆ ನೋಡಿ. ಚಿಪ್ ಹಾಕ್ಸಿದ್ರಾ ಸಾರ್?' ನಾನು ಹಾಸಿಗೆಗೆ ಗುಂಡಿ ಹಾಕಿಸುವವನು, ಕಾರಿಗೆ ಚಿಪ್ ಹಾಕಿಸುವವನಲ್ಲ ಎಂದೆ. ಅವಳು ಬಿಡಿಸಿ ಹೇಳಿದಳು. ಎಂಜಿನ್ನಿಗೆ ಸುಳ್ಳು ಹೇಳಿ ಹೆಚ್ಚು ಜೋರು ಬರಿಸುವ ಡಬ್ಬಿಯಂತೆ ಅದು. ಆ ಜೋರಿಗೆ ತಕ್ಕ ಹಾಗೆ ಗೇರ್‌ಬಾಕ್ಸ್ ತಾನಾಗಿಯೇ ಬಿಗಿಯಾಗಿ ಹಿಡಿಯುವುದನ್ನು ಕಲಿಯುತ್ತದೆ. ಡಬ್ಬಿ ಕಿತ್ತರೆ ಎಂಜಿನ್ ಆ ಕ್ಷಣವೇ ಮೆತ್ತಗಾಗುತ್ತದೆ, ಗೇರ್‌ಬಾಕ್ಸ್ ಮಾತ್ರ ಹಳೆಯ ಬಿಗಿಯಲ್ಲೇ ಹಿಡಿಯುತ್ತದೆ. 'ಕಿವುಡರ ಮನೇಲಿ ಇದ್ದು ಬಂದೋರು ಎಲ್ರ ಹತ್ರನೂ ಕೂಗ್ತಾರಲ್ಲ, ಹಾಗೆ' ಎಂದಳು. ಭಾನುವಾರ ಬೆಳಿಗ್ಗೆ ನೀನು 'ಗಾಳಿ ತಗೊಂಡು ಬರ್ತೀನಿ' ಎಂದು ಕಾರು ಒಯ್ಯುತ್ತಿದ್ದುದು, ಬರುವಾಗ ಟೈರು ಸುಟ್ಟ ವಾಸನೆ ಬರುತ್ತಿದ್ದುದು, ಹೊರಡುವ ದಿನ ತೊಳೆಯುವ ನೆಪದಲ್ಲಿ ಡಬ್ಬಿ ಕಿತ್ತದ್ದು, ಎಲ್ಲಾ ಆಗ ನನ್ನ ಲೆಕ್ಕಕ್ಕೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ ನಾನು.

ಅವಳು ಸ್ಕ್ಯಾನರಿನಲ್ಲಿ ಹಳೆಯ ಪಾಠ ಅಳಿಸಿ, 'ಮುನ್ನೂರು ಕಿಲೋಮೀಟರ್ ಒಬ್ರೇ ನಿಧಾನಕ್ಕೆ ಓಡ್ಸಿ, ಹೊಸ್ದಾಗಿ ಕಲಿಯತ್ತೆ' ಎಂದು ಕಳಿಸಿದಳು. ಇನ್ನೂರೈವತ್ತು ಆದರೂ ಒದೆತ ನಿಲ್ಲಲಿಲ್ಲ. ಜಗಳಕ್ಕೆ ಹೋದೆ. ಅವಳು ಪಕ್ಕದಲ್ಲಿ ಕೂತು, 'ಓಡ್ಸಿ ನೋಡೋಣ' ಎಂದಳು. ನೀರಿನ ಟ್ಯಾಂಕಿನ ಇಳಿಜಾರು ಬಂತು. ನನ್ನ ಕೈ ತಾನಾಗಿ ಹೋಗಿ ಕಾರನ್ನು ನ್ಯೂಟ್ರಲಿಗೆ ತಂತು. 'ಈಗೇನ್ ಮಾಡಿದ್ರಿ?' 'ಪೆಟ್ರೋಲ್ ಉಳಿಸ್ದೆ.' ಅಪ್ಪ ಹಳೆಯ ಲಾರಿಯಲ್ಲಿ ಕಲಿಸಿದ ವಿದ್ಯೆ, ಇಳಿಜಾರಿಗೆ ಎಣ್ಣೆ ಯಾಕೆ ಸುಡಬೇಕು? ಆ ಹುಡುಗಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಳು. 'ಇಳಿಜಾರಲ್ಲೇ ಸಾರ್ ಅದು ಗೇರ್ ಇಳ್ಸೋದು ಕಲಿಯೋದು. ಪಾಠದ ಹೊತ್ತಿಗೆ ಸರಿಯಾಗಿ ನೀವು ಸ್ಕೂಲಿಗೆ ಬೀಗ ಹಾಕ್ತಿದ್ದೀರ!' ಉಳಿಸಿದ್ದು ಎರಡು ಚಮಚ ಪೆಟ್ರೋಲು. ಇದನ್ನು ನಿನಗೆ ಬರೆಯದೆ ಇರಬಹುದಿತ್ತು. ಆದರೆ ತಪ್ಪು ಲೆಕ್ಕ ಇಡುವುದು ನಿನ್ನ ಕಸುಬು, ನನ್ನದಲ್ಲ. ಆಮೇಲೆ ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಓಡಿಸಿದೆ. ಒದೆತ ಹೋಯಿತು. ನಿನ್ನೆ ಅಮ್ಮನ ಲೋಟ ತುಂಬಿದ ಹಾಗೆಯೇ ಮನೆ ಸೇರಿತು. ತಪ್ಪು ಎಣ್ಣೆಯದಲ್ಲ, ಚಿಪ್ಪಿನದು ಎಂದು ಹುಡುಗಿ ಬರೆದುಕೊಟ್ಟ ಚೀಟಿಯನ್ನು ಭಾವನಿಗೆ ಕಳಿಸಿದ್ದೇನೆ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಅದನ್ನು ಹಾಗೆಯೇ ದಾಟಿಸಿದ್ದೇನೆ. ನನ್ನದನ್ನು ತಡೆಹಿಡಿದಿದ್ದೇನೆ.

ಇತಿ,
ನಿನ್ನ ಅಣ್ಣ

ಕವರು ಮುಚ್ಚುವ ಮೊದಲು: ಈಗ ತಾನೇ ಅಕ್ಕ ಅಂಗಡಿಗೆ ಬಂದು ಹೋದಳು. ಕೈಯಲ್ಲಿ ಆ ಚೀಟಿ. ಕುರ್ಚಿ ಹಾಕಿದರೂ ಕೂರಲಿಲ್ಲ. 'ಇದನ್ನ ಇವ್ರಿಗೆ ಯಾಕೋ ಕಳ್ಸ್ದೆ? ಇವ್ರಿಗೆ ಅವತ್ತೇ ಗೊತ್ತಿತ್ತು' ಎಂದಳು. ಎಣ್ಣೆ ಬದಲಾಯಿಸುವಾಗಲೇ ಭಾವ ಚಿಪ್ ಕಂಡಿದ್ದರಂತೆ. 'ಅಣ್ಣನಿಗೆ ಹೇಳ್ಬೇಡಿ ಭಾವ, ಮನೆಯಿಂದ ಓಡಿಸ್ತಾನೆ' ಎಂದು ನೀನು ಕಾಲು ಹಿಡಿದೆಯಂತೆ. 'ಹೇಳಲ್ಲ, ಅದನ್ನ ತೆಗೆಯೋ ದಿನ ಗಾಡಿನ ನನ್ ಹತ್ರ ತಗೊಂಬಾ' ಎಂದು ಅವರು ಮಾತು ಕೊಟ್ಟರಂತೆ. ನೀನು ಒಯ್ಯಲಿಲ್ಲ. ಮೂವರ ಮುಂದೆ ನಾನು ಅವರನ್ನು ಕಳ್ಳ ಮಾಡಿದ ದಿನವೇ ನಿನಗೆ ಫೋನ್ ಮಾಡಿ, 'ಅಣ್ಣನಿಗೆ ನೀನೇ ಒಂದ್ ಮಾತು ಹೇಳ್ಬಿಡಪ್ಪ' ಎಂದರಂತೆ. ನೀನು, 'ನೋಡೋಣ ಭಾವ' ಎಂದೆಯಂತೆ. ಮೂರು ತಿಂಗಳಿಂದ ನೋಡುತ್ತಲೇ ಇದ್ದೀಯ. ಅವರು ಅಕ್ಕನಿಗೂ ಬಾಯಿ ಬಿಟ್ಟದ್ದು ಈ ಚೀಟಿ ಬಂದ ಮೇಲೆ. ಅಕ್ಕ ಹೊರಡುವಾಗ ಅಂಗಡಿಗೆ ಅಂಟಿದ ನಮ್ಮ ಮನೆಯ ಹೊಸಿಲಿನಾಚೆ, ಅಮ್ಮನ ಕೋಣೆಯ ಕಡೆ ನೋಡಿದಳು. ಒಳಗೆ ಹೋಗಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು; ಆದರೂ ಬರುವ ಭಾನುವಾರ ಹತ್ತು ಗಂಟೆಗೆ ಆ ಮೂವರನ್ನೇ ಷೆಡ್ಡಿಗೆ ಕರೆಸಿದ್ದೇನೆ. ನನ್ನ ತಪ್ಪನ್ನು ನಾನು ಹೇಳುತ್ತೇನೆ. ನಿನ್ನದನ್ನು ನೀನು ಬಂದು ಹೇಳು, ಚಿಪ್ಪನ್ನು ಭಾವನ ಮೇಜಿನ ಮೇಲೆ ಇಡು. ಬರದಿದ್ದರೆ ಈ ಪತ್ರವನ್ನೇ ಅಲ್ಲಿ ಓದುತ್ತೇನೆ, ನಕಲು ನನ್ನ ಹತ್ತಿರ ಇದೆ.

ಇವತ್ತಿನವರೆಗೆ ಯಾರಿಗೆ ಏನು ಸಿಕ್ಕಿದೆ, ನೋಡಿಕೋ. ಷೋರೂಮಿಗೆ ಎರಡು ಹಾಸಿಗೆ. ಕನ್ನಡಕದ ಹುಡುಗಿಗೆ ಒಂದು, ಮೇಲೆ ಹೊಟ್ಟೆ ತುಂಬ ನಗು. ನನಗೆ ಒದೆಯದ ಕಾರು. ಅಮ್ಮನಿಗೆ ವಾಕರ್. ನಿನಗೆ ಬೆಂಕಿಪೊಟ್ಟಣದಷ್ಟು ಒಂದು ಚಿಪ್. ಭಾವನಿಗೆ ಏನೂ ಇಲ್ಲ.