ಹಿತ್ತಲಿನ ಎರಡು ಮೆಣಸಿನಕಾಯಿ ಮಡಿ

ಕಂಪ್ಲಿ
20 ಮೇ 2025

ಪ್ರೀತಿಯ ಸುಮಕ್ಕನಿಗೆ,

ತಂಗಿ ಸುಕನ್ಯಾಳ ನಮಸ್ಕಾರ. ಡ್ಯಾಂ ಕ್ವಾರ್ಟರ್ಸಿನ ಬಿಸಿಲಿನಲ್ಲಿ ಎಲ್ಲರೂ ಹೇಗಿದ್ದೀರಿ? ಯುಗಾದಿಗೆ ಬರೆಯುತ್ತೇನೆಂದವಳು ಈಗ ಕೂತಿದ್ದೇನೆ, ಬೈಯಬೇಡ. ಫೋನು ಮಾಡಿದರೆ ಮನೆಯವರ ಕಿವಿಗೆಲ್ಲ ಬೀಳುತ್ತದೆ. ಇದು ನಿನಗೊಬ್ಬಳಿಗೇ ಹೇಳುವ ಮಾತು.

ನನ್ನ ನೆಗೆಣ್ಣಿ ಹೊಳೆಮ್ಮ ಗೊತ್ತಲ್ಲ, ಇವರ ಅಣ್ಣನ ಹೆಂಡತಿ. ಸಂಕ್ರಾಂತಿ ಕಳೆದ ಮೇಲೆ ಹಿತ್ತಲಲ್ಲಿ ಇಬ್ಬರೂ ಒಂದೊಂದು ಮಡಿ ಮಾಡಿ ಮೆಣಸಿನಕಾಯಿ ಸಸಿ ನೆಟ್ಟೆವು. ಒಂದೇ ಬೀಜ, ಒಂದೇ ಮಣ್ಣು. ಕಾಲುವೆ ಪಕ್ಕದಲ್ಲೇ ಇದೆಯಲ್ಲ ಎಂದು ನಾನು ಎರಡು ಹೊತ್ತೂ ನೀರು ಹಾಕಿದೆ. ಬಿಸಿಲೇರಿದಂತೆ ನನ್ನ ಗಿಡಗಳ ಎಲೆ ಹಳದಿಯಾಗಿ ಹೂವೆಲ್ಲ ಉದುರಿತು. ಅವಳವು ಕೊಂಬೆ ಬಾಗುವಷ್ಟು ಕಾಯಿ ಬಿಟ್ಟವು.

ಇವರು ಆ ಕಾಯಿಗಳನ್ನು ತಾವು ಕೆಲಸ ಮಾಡುವ ಫ್ಯಾಕ್ಟರಿಗೆ ಒಯ್ದು, ಅತ್ತಿಗೆ ಬೆಳೆದದ್ದು ಎಂದು ಗೆಳೆಯರಿಗೆಲ್ಲ ಹಂಚಿದರಂತೆ. ನನ್ನ ಮಡಿಯ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆ ಭರಮಮ್ಮನವರೂ ಬಂದವರ ಮುಂದೆಲ್ಲ ಅವಳ ಕೈಗುಣ ಹೊಗಳುವವರೇ. ಅಕ್ಕಾ, ನಿನ್ನ ಮುಂದೆ ಮುಚ್ಚಿಡುವುದೇಕೆ? ಅವಳ ಗಿಡಕ್ಕೆ ಎಲೆ ಮುರುಟುವ ರೋಗ ಬರಲಿ ಎಂದು ದೇವರ ಮುಂದೆ ನಿಂತು ಬೇಡಿಕೊಂಡೆ.

ಒಂದು ಮಧ್ಯಾಹ್ನ ಅವಳಿಲ್ಲವೆಂದು ಅವಳ ಗಿಡದ ಬುಡ ಕೆದಕಿ ನೋಡುತ್ತಿದ್ದೆ. ತಿರುಗಿದರೆ ಹಿಂದೆಯೇ ನಿಂತಿದ್ದಳು. ಬೈಯಲಿಲ್ಲ, ಪಕ್ಕದಲ್ಲಿ ಕುಕ್ಕರಿಸಿದಳು.

"ನೀರು ಕಡಿಮಿ ಮಾಡು ಸುಕನ್ಯಾ, ಬೇರು ಕೊಳಿಯಾಕ ಹತ್ಯಾವ. ಮಡಿ ಎತ್ತರ ಮಾಡಿ ಹುಲ್ಲು ಹಾಸು. ಸಂಜಿ ಬಿಸಿಲಿಗೆ ಅಡ್ಡ ಒಂದು ಹಳೇ ಸೀರಿ ಕಟ್ಟು," ಎಂದಳು. "ನನ್ನ ಕೇಳಿದ್ರ ಅವತ್ತೇ ಹೇಳ್ತಿದ್ನಲ್ಲ."

ಬೈದಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಆದರೂ ಹಾಗೆಯೇ ಮಾಡಿದೆ. ಸತ್ತವನ್ನು ಕಿತ್ತು, ಉಳಿದವಕ್ಕೆ ಮಡಿ ಏರಿಸಿದೆ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಹೊಸ ಚಿಗುರು ಬಂತು, ಹೂ ನಿಂತಿತು. ಮೊನ್ನೆ ಮೊದಲ ಕಾಯಿ ಕೊಯ್ದೆ. ಎಂಥ ಖಾರವೆಂದರೆ, ಕಾಯಿ ಮುರಿದ ಬೆರಳು ಸಂಜೆಯವರೆಗೂ ಉರಿಯಿತು. ಸಂತೋಷವಾಗಿದ್ದೇನೆ ಅಕ್ಕಾ, ಚಿಂತೆ ಮಾಡಬೇಡ.

ಭಾವನಿಗೆ ನಮಸ್ಕಾರ ತಿಳಿಸು. ಹತ್ತನೇ ತರಗತಿಗೆ ಹೋಗುವ ಮಗಳು ಸ್ಫೂರ್ತಿಗೆ ಹಂಪಿ ವಿರೂಪಾಕ್ಷ ಒಳ್ಳೆಯ ಬುದ್ಧಿ, ಒಳ್ಳೆಯ ಆರೋಗ್ಯ ಕೊಡಲಿ.

ನಿನ್ನ ತಂಗಿ,
ಸುಕನ್ಯಾ

ತಾ.ಕ.: ಆ ಮೊದಲ ಕಾಯಿಗಳನ್ನೇ ಹುರಿದು, ಕಲ್ಲಲ್ಲಿ ಕುಟ್ಟಿ ಚಟ್ನಿ ಮಾಡಿ ಇವರಿಗೆ ಬಡಿಸಿದೆ. ಕಣ್ಣಲ್ಲಿ ನೀರು ಬಂದರೂ ಮತ್ತೆ ಮತ್ತೆ ಹಾಕಿಸಿಕೊಂಡರು. ಆಮೇಲೆ ಬಾಯಿ ಚಪ್ಪರಿಸಿ, "ಭಾಳ ಛಲೋ ಐತಿ. ಕಾಯಿ ಅತ್ತಿಗಿಯವರು ಕೊಟ್ರೇನು?" ಎಂದರು.

ನಾನು ಹೂಂ ಎಂದೆ.