ಭುಜದ ಮೇಲಿನ ತಾಳ

ಮೆಖೆಲೆನ್,
ಅಕ್ಟೋಬರ್ ೯

ಪ್ರೀತಿಯ ಅಕ್ಕ ಗೋಡೆಲೀವೆಗೆ,

ನೀನು ಮೂರು ಸಲ ಫೋನ್ ಮಾಡಿದ್ದೆ, ನಾನು ಎತ್ತಲಿಲ್ಲ. ಮುನಿಸು ಅಂದುಕೊಳ್ಳಬೇಡ. ನನ್ನ ಎಡಗಿವಿ ಹೋದದ್ದು ನಿನಗೆ ಗೊತ್ತು. ಈಗ ಬಲಗಿವಿಯೂ ಕೈಕೊಡುತ್ತಿದೆ. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಐನೂರು ವರ್ಷದ ಹಿಂದಿನವರಂತೆ ನಾವು ಐವರೂ ಒಂದೇ ದೊಡ್ಡ ಪುಸ್ತಕದ ಮುಂದೆ ನಿಂತು ಹಾಡುವುದನ್ನು ನೀನು ನೋಡಿದ್ದೀಯ. ಅವರವರ ಸಾಲು ಅವರವರಿಗೆ. ಉಳಿದವರು ಎಲ್ಲಿದ್ದಾರೆಂದು ಕಿವಿಯಿಂದಲೇ ತಿಳಿಯಬೇಕು. ಒಬ್ಬರು ಎದುರು ನಿಂತು ಮಾತಾಡಿದರೆ ನನಗೆ ಹೇಗೋ ತಿಳಿಯುತ್ತದೆ. ನಾಲ್ಕು ಕಂಠ ಸೇರಿದರೆ ಬರೀ ಗದ್ದಲ. ಹಿಂದೆ ನಿಲ್ಲುವ ವಾನೆಸ್ ಹಳೆಯ ಪದ್ಧತಿಯಂತೆ ನನ್ನ ಭುಜದ ಮೇಲೆ ಕೈಯಿಟ್ಟು ಬೆರಳಿನಿಂದ ತಾಳ ತಟ್ಟುತ್ತಾನೆ. ಒಂದು ವರ್ಷದಿಂದ ಆ ಬೆರಳನ್ನು ನಂಬಿ ಹಾಡುತ್ತಿದ್ದೇನೆ.

ಮಂಗಳವಾರ ಅಭ್ಯಾಸದ ನಡುವೆ ಅವನು ಕನ್ನಡಕ ಒರೆಸಲು ಕೈ ತೆಗೆದ. ನಾನು ದಾರಿ ತಪ್ಪಿದೆ. ಬರೀ ತುಟಿ ಆಡಿಸುತ್ತ ನಿಂತೆ. ಮುಗಿದ ಮೇಲೆ ನಮ್ಮ ತಂಡದ ನಾಯಕ ಯೋರಿಸ್, ನನ್ನ ಮಗನ ವಯಸ್ಸಿನವನು, "ಬೆರ್ಲಿಂಡೆ, ಇವತ್ತು ತುಂಬಾ ಹದವಾಗಿ ಹಾಡಿದ್ರಿ" ಅಂದ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಆಮೇಲೆ ಅವನೇ, "ಶನಿವಾರದ ಕಛೇರಿಗೆ ಚರ್ಚಿನಲ್ಲಿ ಕ್ಯಾಮೆರಾ ಇರ್ತದೆ. ವಾನೆಸ್, ಆ ಕೈ ಬೇಡ. ಅಜ್ಜ ಅಜ್ಜಿ ರಸ್ತೆ ದಾಟೋ ಹಾಗೆ ಕಾಣ್ತದೆ" ಎಂದು ನಕ್ಕ. ಎಲ್ಲರೂ ನಕ್ಕರು, ನಾನೂ ನಕ್ಕೆ. ವಾನೆಸ್ ಮಾತ್ರ, "ಕೈ ಬೇಡ ಅಂದ್ರೆ ನಾನೂ ಬೇಡ. ಬೇರೆ ಯಾರನ್ನಾದ್ರೂ ನೋಡ್ಕೋ" ಅಂದುಬಿಟ್ಟ. ಯೋರಿಸ್ "ಸರಿ, ಇರಲಿ ಬಿಡಿ" ಎಂದು ಪುಸ್ತಕ ಮುಚ್ಚಿದ.

ವಾನೆಸ್‌ಗೆ ನನ್ನ ಗುಟ್ಟು ಗೊತ್ತಾಗಿದೆ ಅಂದುಕೊಂಡೆ. ಅಂದಿನಿಂದ ನಿದ್ದೆಯಿಲ್ಲ. ಬಿಟ್ಟುಬಿಡು ಅನ್ನುತ್ತೀಯ. ಮೂವತ್ತನಾಲ್ಕು ವರ್ಷ ಹಾಡಿದ್ದೇನೆ ಅಕ್ಕ, ಹಾಡು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ. ಶನಿವಾರ ನಾನು ತಪ್ಪಿದರೆ ಐವರ ಹಾಡೂ ಎಲ್ಲರೆದುರು ಕೆಡುತ್ತದೆ. ಈಗಲೇ ಹೇಳಿಬಿಟ್ಟರೆ ನಾನು ಮನೆಗೆ ಹೋಗಬೇಕು. ಎರಡಕ್ಕೂ ಭಯವಾಗುತ್ತದೆ.

ಉತ್ತರವನ್ನು ಕಾಗದದಲ್ಲೇ ಬರೆ.

ನಿನ್ನ ತಂಗಿ,
ಬೆರ್ಲಿಂಡೆ

ತಾ.ಕ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಕಾಫಿ ಕುಡಿಯುವಾಗ ವಾನೆಸ್, ಪುಣ್ಯಕ್ಕೆ ಬಲಗಿವಿಗೇ, ಬಾಯಿ ಹಚ್ಚಿ ಹೇಳಿದ: "ಯಾರಿಗೂ ಹೇಳ್ಬೇಡ. ನನಗೆ ಸರಿಯಾಗಿ ಕೇಳಿಸದೆ ಎರಡು ವರ್ಷ ಆಯ್ತು. ನೀನು ಉಸಿರು ಎಳೆದಾಗ ಭುಜ ಏಳ್ತದಲ್ಲ, ಅದನ್ನ ಹಿಡ್ಕೊಂಡೇ ನಾನು ತಾಳ ಹಾಕೋದು. ನೀನಿದ್ದೀಯ ಅಂತ ಬಚಾವು." ನನ್ನ ಕಿವಿಯ ವಿಷಯ ನಾನು ಅವನಿಗೆ ಹೇಳಲಿಲ್ಲ. ಹೇಳಿದರೆ ಕೈ ತೆಗೆದುಬಿಡುತ್ತಾನೆ.